ಸುಭಾಷಿತ ಧಾರಣೆಯ ಪಕ್ಕದಲ್ಲಿರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಮನುಷ್ಯನ ಗುಣಸ್ವಭಾವಗಳನ್ನು ಕುರಿತ ಸುಭಾಷಿತವು ದಿನಭವಿಷ್ಯದ ನೆತ್ತಿಯ ಮೇಲೆ ಅಚ್ಚಾಗುತ್ತದೆ. ಕೃಷಿ ಮಾರುಕಟ್ಟೆಯ ಧಾರಣೆ ಎಷ್ಟೋ ಪುಟ ತಿರುವಿದ ಮೇಲೆ ಸಿಗುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿ ಮುದ್ರಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ. ಇದನ್ನು ತಮಾಷೆಗೆ ಬರೆದದ್ದೆಂದು ಪಕ್ಕಕ್ಕಿಡಬಾರದು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆದು ನಿವೃತ್ತನಾದ ನಾನು, ವಿನಯ, ಅಸೂಯೆ, ಔದಾರ್ಯ ಮೊದಲಾದವು 15 ಕೆ.ಜಿ. ಬಾಕ್ಸಿನ ಬೆಲೆಯ ಜೊತೆಜೊತೆಗೇ ಏರಿಳಿಯುವುದನ್ನು ಹತ್ತಿರದಿಂದ ನೋಡಿದ್ದೇನೆ.

ಈಗಿನ ಏರ್ಪಾಡಿನಲ್ಲಿ ಸುಭಾಷಿತದಿಂದ ಆಗುವ ಉಪಯೋಗ ಇಷ್ಟೇ. ಹರಾಜು ಶುರುವಾಗುವ ಮುಂಚೆ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಆ ಹೊತ್ತಿಗೆ ಅಲ್ಲಿ ಇಲ್ಲದ ಒಬ್ಬರ ಹೆಸರು ಹೇಳಿ ‘ಅವನನ್ನು ನೋಡಿಯೇ ಬರೆದ ಹಾಗಿದೆ’ ಎನ್ನುತ್ತಾರೆ, ಕೂತವರೆಲ್ಲ ತಲೆದೂಗುತ್ತಾರೆ. ಜಿಪುಣತನದ ಮೇಲಿನ ಮಾತೊಂದನ್ನು ಹೀಗೆ ರಾಗವಾಗಿ ಓದಿ ಮುಗಿಸಿದ ಮಹಾಶಯರೊಬ್ಬರು, ಅದೇ ಉಸಿರಿನಲ್ಲಿ ಹಮಾಲಿಯವನ ಕೂಲಿಯಲ್ಲಿ ಐದು ರೂಪಾಯಿ ಹಿಡಿದುಕೊಳ್ಳಲು ನನಗೆ ಹೇಳಿದ್ದರು. ಅವರು ಕಪಟಿಯಲ್ಲ, ತಾವು ಓದಿದ್ದು ತಮಗೂ ಅನ್ವಯಿಸೀತೆಂಬ ಯೋಚನೆ ಅವರ ಹತ್ತಿರವೂ ಸುಳಿದಿರಲಿಲ್ಲ.

2023ರ ಜುಲೈಯನ್ನು ಈ ಭಾಗದವರು ಮರೆತಿರಲಾರರು. ನಮ್ಮ ಮಾರುಕಟ್ಟೆಯಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಬಂತು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ದರ ಸಿಗದೆ ಬೇಸತ್ತು ಅನೇಕರು ಟೊಮೆಟೊ ಬಿಟ್ಟಿದ್ದರು. ಬಿಟ್ಟಿರದವರಲ್ಲಿ ಎಷ್ಟೋ ಮಂದಿಯ ತೋಟವನ್ನು ಬಿಳಿನೊಣ ಹರಡುವ ಎಲೆಮುದುಡು ರೋಗ ತಿಂದುಹಾಕಿತ್ತು. ಸರಕು ಕಡಿಮೆಯಾದ್ದರಿಂದ ದರ ಏರಿತು, ಅಂದರೆ ಒಬ್ಬರ ಲಾಭಕ್ಕೆ ನೆರೆಯವರ ನಷ್ಟವೇ ಕಾರಣವಾಗಿತ್ತು. ಆದರೆ ನನ್ನೆದುರು ಕೂತು ಹಣ ಎಣಿಸಿಕೊಂಡವರಲ್ಲಿ ‘ಪಕ್ಕದವನ ತೋಟಕ್ಕೆ ರೋಗ ಬಂದದ್ದರಿಂದ ನನಗೆ ಒಳ್ಳೆಯದಾಯಿತು’ ಎಂದ ಒಬ್ಬರನ್ನೂ ಕಾಣೆ. ‘ನಾನು ಮೊದಲೇ ಲೆಕ್ಕ ಹಾಕಿ ನಾಟಿ ಮಾಡಿದೆ ಸ್ವಾಮಿ’ ಎಂದವರೇ ಎಲ್ಲರೂ. ಆ ದರ ಕಂಡು ಆತುರಾತುರವಾಗಿ ನಾಟಿ ಮಾಡಿದವರ ಫಸಲು ಸೆಪ್ಟೆಂಬರ್ ಹೊತ್ತಿಗೆ ಬಂದಾಗ ಧಾರಣೆ ನೆಲ ಕಚ್ಚಿತು. ಜುಲೈನಲ್ಲಿ ಲೆಕ್ಕಾಚಾರದ ಮಾತಾಡಿದವರೇ ಆಗ ದಲ್ಲಾಳಿಯನ್ನು ಬೈದರು, ಸರ್ಕಾರವನ್ನು ಬೈದರು, ಕೊನೆಗೆ ಶನಿಮಹಾತ್ಮನನ್ನೂ ಬಿಡಲಿಲ್ಲ.

ತಾನು ಗೆದ್ದರೆ ಬುದ್ಧಿ, ಸೋತರೆ ಗ್ರಹಚಾರ. ನೆರೆಯವನು ಗೆದ್ದರೆ ಅದೃಷ್ಟ, ಸೋತರೆ ಸೋಮಾರಿತನ. ಇದರ ಒಂದು ಮಗ್ಗುಲಿಗೆ, ಅಂದರೆ ಪರರ ನಡತೆಗೆ ಅವರ ಸ್ವಭಾವವನ್ನೇ ಹೊಣೆ ಮಾಡಿ ಸನ್ನಿವೇಶವನ್ನು ಮರೆತುಬಿಡುವ ನಮ್ಮೆಲ್ಲರ ಚಾಳಿಗೆ, ಅಮೆರಿಕದ ಮನಃಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಶಾಸ್ತ್ರೀಯ ಹೆಸರು ಕೊಟ್ಟರೆಂದು ಓದಿದ್ದೇನೆ. ಅವರು ಒಂದು ಬೆಳಗ್ಗೆ ನಮ್ಮ ಮಂಡಿಯಲ್ಲಿ ಕೂತಿದ್ದರೆ ಪ್ರಯೋಗಗಳ ಖರ್ಚು ಉಳಿಯುತ್ತಿತ್ತು.

‘ಹಿಂದಿನವರು ಸಜ್ಜನರು, ಈಗಿನವರು ಕೆಟ್ಟರು’ ಎಂದು ಇದೇ ಅಂಕಣದಲ್ಲಿ ಆಗಾಗ ಪತ್ರಗಳು ಬರುತ್ತಿರುತ್ತವೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹಿಂದಿನವರೆಲ್ಲ ಅಷ್ಟು ಸಜ್ಜನರಾಗಿದ್ದರೆ ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಯಾರನ್ನು ನೋಡಿ ಹುಟ್ಟಿತು? ‘ಉಂಡೂ ಹೋದ, ಕೊಂಡೂ ಹೋದ’ ಎಂದು ಅಜ್ಜಿಯರು ಹೇಳುತ್ತಿದ್ದದ್ದು ಮುಂದಿನ ಶತಮಾನದ ಅಳಿಯಂದಿರನ್ನು ಊಹಿಸಿಕೊಂಡಲ್ಲವಷ್ಟೆ! ಬಾಕ್ಸಿನ ಮೇಲುಪದರದಲ್ಲಿ ಕೆಂಪಗಿನ ದಪ್ಪ ಹಣ್ಣು ಜೋಡಿಸಿ, ಅಡಿಯಲ್ಲಿ ಗೋಲಿಯಂಥದ್ದನ್ನೂ ಸೀಳುಬಿಟ್ಟದ್ದನ್ನೂ ತುಂಬುವ ಕಲೆ ಪ್ಲಾಸ್ಟಿಕ್ ಬಾಕ್ಸು ಬಂದ ಮೇಲೆ ಹುಟ್ಟಿದ್ದಲ್ಲ. ಬಿದಿರು ಬುಟ್ಟಿಯ ಕಾಲದವರೂ ಅದನ್ನು ಬಲ್ಲವರಾಗಿದ್ದರು. ಖರೀದಿದಾರನಿಗೂ ಇದು ಗೊತ್ತು. ಅವನು ಒಂದೆರಡು ಬಾಕ್ಸು ಸುರಿಸಿ ನೋಡುತ್ತಾನೆ, ಬಾಯಲ್ಲಿ ಏನೂ ಹೇಳದೆ ದರದಲ್ಲಿ ಕಳೆಯುತ್ತಾನೆ. ರೈತನೂ ಜಗಳವಾಡುವುದಿಲ್ಲ. ನನಗೆ ಬೆರಗು ಹುಟ್ಟಿಸುವುದು ಆ ಮೋಸಕ್ಕಿಂತ, ಮೋಸದ ಪ್ರಮಾಣದ ಬಗ್ಗೆ ಇಬ್ಬರಿಗೂ ಇರುವ ಈ ಮೌನ ಒಪ್ಪಂದ.

ದರಕ್ಕೆ ತಕ್ಕಂತೆ ಬಣ್ಣ ಬದಲಿಸದವರೂ ಇದ್ದಾರೆನ್ನದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಮಾಲೂರು ಕಡೆಯ ರೈತರೊಬ್ಬರ ಬಾಕ್ಸನ್ನು ಯಾರೂ ಸುರಿಸಿ ನೋಡುತ್ತಿರಲಿಲ್ಲ. ಮೇಲಿದ್ದ ಹಣ್ಣೇ ಕೆಳಗೂ ಇರುತ್ತಿತ್ತು. ಒಳ್ಳೆಯ ದರ ಬಂದಾಗ ‘ಈ ಸಲ ಮಳೆ ನಮ್ಮ ಹೊಲದ ಮೇಲೆ ಬಿತ್ತು, ಅಷ್ಟೇ’ ಎನ್ನುತ್ತಿದ್ದರು. ಇಂಥವರು ಹೆಚ್ಚು ಮಂದಿ ಇಲ್ಲ. ಇರುವವರನ್ನೂ ಮಂಡಿಯಲ್ಲಿ ವ್ಯವಹಾರ ತಿಳಿಯದವರೆಂದೇ ಕರೆಯುತ್ತಿದ್ದರು. ಹಾಗೆ ಕರೆದವರೇ ಸಾಲ ಕೊಡುವಾಗ ಮಾತ್ರ ಅವರಿಂದ ಪತ್ರ ಬರೆಸಿಕೊಳ್ಳುತ್ತಿರಲಿಲ್ಲ.

ಆದ್ದರಿಂದ ತಾವು ಧಾರಣೆ ಏರಿದ ದಿನ ಗರ್ವದ ಮೇಲಿನ ಸುಭಾಷಿತವನ್ನು ಅದರ ಪಕ್ಕದಲ್ಲೇ ಹಾಕಿ; ಕಣ್ಣು ಅಂಕಿಯಿಂದ ಜಾರಿ ಅದರ ಮೇಲೆ ಬಿದ್ದೀತು. ದರ ಕುಸಿದ ದಿನ ಮಾತ್ರ ದಯವಿಟ್ಟು ತಾಳ್ಮೆಯ ಮೇಲಿನ ಮಾತು ಬೇಡ. ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದವನಿಗೆ ಅದು ಅಣಕದಂತೆ ಕೇಳಿಸುತ್ತದೆ. ಆ ದಿನದ ಸುಭಾಷಿತದ ಜಾಗದಲ್ಲಿ ಚಿಂತಾಮಣಿಯ ಮತ್ತು ಆಂಧ್ರದ ಮದನಪಲ್ಲಿಯ ಧಾರಣೆಯನ್ನು ಕೊಟ್ಟರೆ, ಮಾರನೆಯ ದಿನದ ಗಾಡಿಯನ್ನು ಎತ್ತ ತಿರುಗಿಸಬೇಕೆಂಬುದಾದರೂ ಅವನಿಗೆ ತಿಳಿದೀತು.

ಇಂತಿ,
ತಮ್ಮ ಓದುಗ
ಕೋಲಾರ