ಮೊದಲು ಹೋಸ್ ಬದಲಿಸಿ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಮೋಲ್ಡಿಂಗ್ ಮಷಿನ್‌ಗೆ ಬೆಂಕಿ ಹತ್ತುವುದು ಹೇಗೆ ಅಂತ ಪೀಣ್ಯದಲ್ಲಿ ದುಡಿಯುವವರನ್ನು ಕೇಳಿ. ಎಣ್ಣೆ ಹರಿಯುವ ಹಳೇ ಹೋಸ್ ಪೈಪ್ ಬಿರುಕು ಬಿಟ್ಟು, ಒತ್ತಡದಲ್ಲಿರುವ ಹೈಡ್ರಾಲಿಕ್ ಆಯಿಲ್ ಸಣ್ಣಗೆ ಚಿಮ್ಮುತ್ತದೆ, 200 ಡಿಗ್ರಿಗಿಂತ ಜಾಸ್ತಿ ಕಾದ ಹೀಟರ್ ಪಕ್ಕದಲ್ಲೇ, ಕೆಳಗೆ ಎಣ್ಣೆ ಕುಡಿದ ಬನಿಯನ್ ವೇಸ್ಟ್ (ಒರೆಸುವ ಬಟ್ಟೆ ಚೂರು) ಬೇರೆ. ಹೋಸ್ ಬದಲಿಸಿ ಅಂದರೆ ಮಾಲೀಕರು ‘ಈ ಆರ್ಡರ್ ಮುಗೀಲಿ’ ಅನ್ನುತ್ತಾರೆ.

ಬೆಂಕಿ ತಾಗಿದರೆ ಪಾಲಿಯೆಸ್ಟರ್ ಯೂನಿಫಾರ್ಮ್ ಕರಗಿ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಹತ್ತಿಯದು ಕೊಟ್ಟರೆ ಮಾಲೀಕರೇನು ಮುಳುಗಿಹೋಗುತ್ತಾರಾ? 150 ಕಾರ್ಮಿಕರಿಗೆ ಒಂದಾದರೂ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಲಿ ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಎಷ್ಟೋ ಕಡೆ ಅದು ಸೂಪರ್‌ವೈಸರ್ ಬೀರುವಿನಲ್ಲಿ, ಬೀಗದೊಳಗೆ! ಸುಟ್ಟ ಕೈಗೆ ಟೂತ್‌ಪೇಸ್ಟ್, ಇಂಕು ಬಳಿಯುವುದು ಇನ್ನೂ ನಿಂತಿಲ್ಲ. 20 ನಿಮಿಷ ನಲ್ಲಿ ನೀರು ಬಿಟ್ಟು ಆಸ್ಪತ್ರೆಗೆ ಓಡಬೇಕು, ಅಷ್ಟೇ ಅಲ್ವಾ? ತಪಾಸಣೆಗೆ ಬರುವ ಅಧಿಕಾರಿಗಳು ರಿಜಿಸ್ಟರ್ ಬಿಟ್ಟು ಮೊದಲು ಆ ಹೋಸ್ ನೋಡಲಿ.

– ಒಬ್ಬ ಓದುಗ, ಬೆಂಗಳೂರು