ಬೀಳ್ಕೊಡುಗೆಯ ಮರುದಿನ, ಸಿಸ್ಟರ್‌ಗೆ

ನಿನ್ನೆ ನನ್ನ ಬೀಳ್ಕೊಡುಗೆಯಲ್ಲಿ ಶಾಲು, ಹಾರದ ಜೊತೆ ಎಷ್ಟೊಂದು ಒಳ್ಳೆಯ ಮಾತು ಸಿಕ್ಕಿತು. ಅದರಲ್ಲಿ ದೊಡ್ಡ ಪಾಲು ಸಲ್ಲಬೇಕಾದವರು ಆ ಸಭೆಯಲ್ಲೇ ಇರಲಿಲ್ಲ. ಅದಕ್ಕೇ ಈ ಬರಹ.

ನಿಮ್ಹಾನ್ಸ್‌ನಲ್ಲಿ ಕಲಿಸಿದ ಗುರುಗಳು, ಕಿಡ್ನಿ, ಕ್ಯಾನ್ಸರ್ ವಿಭಾಗಗಳಿಂದ "ಒಂದ್ಸಲ ಬಂದು ನೋಡಿ ಮೇಡಂ" ಎಂದು ಕರೆದ ಸಹೋದ್ಯೋಗಿಗಳು, ನನ್ನ ಪಿಜಿ ವಿದ್ಯಾರ್ಥಿಗಳು, ನಡುರಾತ್ರಿಯ ಫೋನಿಗೆ ಬೇಸರಿಸದ ಮನೆಯವರು, ಎಲ್ಲರಿಗೂ ನಾನು ಋಣಿ.

ಇನ್ನು ಮೆಡಿಕಲ್ ವಾರ್ಡಿನ ನೈಟ್ ಡ್ಯೂಟಿ ಸಿಸ್ಟರ್. ದೇಹದ ಕಾಯಿಲೆಗೆಂದು ದಾಖಲಾದವರ ಮನಸ್ಸನ್ನು ನೋಡಿಕೊಳ್ಳುವ ನಮ್ಮಂಥ ಮನೋವೈದ್ಯರನ್ನು ಬಹಳ ಕಾಡುವುದು ಡೆಲಿರಿಯಂ, ಅಂದರೆ ಕಾಯಿಲೆಯ ನಡುವೆ ದಿಢೀರನೆ ಬಂದು ಏರಿಳಿಯುವ ಮನಸ್ಸಿನ ಗೊಂದಲ. ಬೆಳಗಿನ ರೌಂಡ್ಸ್ ಹೊತ್ತಿಗೆ ಕಾಫಿ ಕುಡಿಯುತ್ತ ನೆಟ್ಟಗೆ ಮಾತಾಡುವ ರೋಗಿ, ರಾತ್ರಿಯಾದರೆ ಡ್ರಿಪ್ ಕಿತ್ತು ಗದ್ದೆಗೆ ನೀರು ಬಿಡಲು ಹೊರಡುತ್ತಾರೆ. ಹುಚ್ಚು ಹಿಡಿಯಿತೆಂದು ಮನೆಯವರು ಅಳುತ್ತಾರೆ. ಆದರೆ ಕಾರಣ ದೇಹದಲ್ಲಿರುತ್ತದೆ: ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಸೋಂಕಿರಬಹುದು, ಮೂತ್ರ ಕಟ್ಟಿರಬಹುದು, ಕುಡಿತ ದಿಢೀರನೆ ನಿಂತಿರಬಹುದು. ಹಗಲು ಬರುವ ನಮಗೆ ಕಾಣದ್ದನ್ನು ಸಿಸ್ಟರ್ ಬರೆದಿಡುತ್ತಿದ್ದರು: "ಎರಡು ಗಂಟೆಗೆ ಚಾದರದ ಎಳೆ ಹೆಕ್ಕುತ್ತಿದ್ದರು. ಹೆಂಡತಿಯ ಗುರುತು ಸಿಗಲಿಲ್ಲ. ಕನ್ನಡಕ ಹಾಕಿದೆ, ಸ್ವಲ್ಪ ಸಮಾಧಾನ." ವಿದ್ಯಾರ್ಥಿಗಳಿಗೆ ನಾನು ಪಾಠ ಶುರು ಮಾಡುತ್ತಿದ್ದುದೇ ಇಂಥ ಸಾಲುಗಳಿಂದ.

2021ರ ಮೇ ತಿಂಗಳು, ಕೋವಿಡ್ ಕಾಲ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ವಾರ್ಡಿನ ತುಂಬ ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುವವರು. ನನ್ನ ಅಪ್ಪನೂ ಅವರಲ್ಲೊಬ್ಬರು. ಪಾಳಿ ಮುಗಿದರೂ ಸಿಸ್ಟರ್ ಹೋಗಲಿಲ್ಲ. ಪಿಪಿಇ ಕಿಟ್ಟಿನೊಳಗೆ ಬೆವರಲ್ಲಿ ತೊಯ್ದು, ಅಪ್ಪನ ಕೈ ಕಟ್ಟಿಹಾಕಲು ಬಿಡದೆ, ತಾವೇ ಹಿಡಿದು ಕೂತರು. "ಇದು ಆಸ್ಪತ್ರೆ ಯಜಮಾನ್ರೇ. ಬೆಂಗಳೂರು. ರಾತ್ರಿ ಆಗಿದೆ. ಮಗಳು ಇಲ್ಲೇ ಇದಾಳೆ." ಮತ್ತೆ ಮತ್ತೆ ಅದೇ ಮಾತು. ರೋಗಿಗೆ ಹೀಗೆ ಹೇಳಬೇಕೆಂದು ವರ್ಷಗಟ್ಟಲೆ ಕಲಿಸಿದವಳು ನಾನು. ಆ ಹೊತ್ತು ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಅಪ್ಪ ಬೆಳಗಿನ ಜಾವ ಹೋದರು. ಈಗಲೂ ಅದನ್ನು ಬರೆಯುವಾಗ ಕೈ ನಡುಗುತ್ತದೆ. ಆದರೆ ಕೊನೆಯ ಗಂಟೆಗಳಲ್ಲಿ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮತ್ತೆ ಅದೇ ವಾರ್ಡಿಗೆ ಕಾಲಿಡಲು, ಇನ್ನೊಬ್ಬರ ಅಪ್ಪನ ಪಕ್ಕ ಕೂರಲು ನನಗೆ ಧೈರ್ಯ ಬಂದದ್ದು ಅದರಿಂದ.

ಸಿಸ್ಟರ್, ಇದನ್ನು ನಿಮ್ಮ ಮಗನ ಫೋನಿಗೂ ಕಳಿಸುತ್ತಿದ್ದೇನೆ. ಮಳೆ ಕಡಿಮೆಯಾದ ಮೇಲೆ ನಿಮ್ಮ ಊರಿಗೆ ಬರುತ್ತೇನೆ. ಅಲ್ಲಿನ ನರ್ಸಿಂಗ್ ಮಕ್ಕಳಿಗೆ ಡೆಲಿರಿಯಂ ಪಾಠ ಹೇಳುವುದಿದೆ, ಈ ಸಲ ನೀವು ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ.