ಗ್ರೀಕ್ ಪುರಾಣದ ಫ್ಯಾನ್ ಫಿಕ್ಷನ್: ಒಂಬತ್ತನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೇ, ನಮಸ್ಕಾರ.

ಈ ಅವಧಿಯ ಪ್ರಾಜೆಕ್ಟಿಗೆ ಗ್ರೀಕ್ ಅಥವಾ ರೋಮನ್ ಪುರಾಣದ ಪಾತ್ರಗಳನ್ನಿಟ್ಟುಕೊಂಡು 900 ಪದಗಳ ಒಂದು ಫ್ಯಾನ್ ಫಿಕ್ಷನ್ (ಇರುವ ಕಥೆಯ ಪಾತ್ರಗಳನ್ನು ಬಳಸಿ ಕಟ್ಟುವ ಹೊಸ ಕಥೆ) ಬರೆಯಲು ಮಕ್ಕಳಿಗೆ ಹೇಳಿದ್ದೇವೆ. ‘ಇದ್ದ ಕಥೆಯನ್ನೇ ಎತ್ತಿಕೊಂಡರೆ ಕಾಪಿ ಆಗುವುದಿಲ್ಲವೇ?’ ಎಂದು ಕೆಲವರು ಕೇಳಿದ್ದೀರಿ. ಇಲ್ಲ. ಗ್ರೀಕ್ ಕವಿ ಹೋಮರನ ಇಲಿಯಡ್ ಮಹಾಕಾವ್ಯದಲ್ಲಿ ನಾಯಕನಲ್ಲದ ಈನಿಯಾಸನನ್ನು ಎತ್ತಿಕೊಂಡು ರೋಮನ್ ಕವಿ ವರ್ಜಿಲ್ 12 ಭಾಗಗಳ ಮಹಾಕಾವ್ಯ ಕಟ್ಟಿದ. ಟ್ರಾಯ್ ನಗರದ ಯುದ್ಧಕ್ಕೆ ಕಾರಣಳೆನಿಸಿದ ಹೆಲೆನ್ ಅಲ್ಲಿಗೆ ಹೋಗಲೇ ಇಲ್ಲ, ಹೋದದ್ದು ಅವಳ ಮಾಯಾರೂಪ ಎಂದು ಗ್ರೀಕ್ ನಾಟಕಕಾರ ಯೂರಿಪಿಡೀಸ್ ಕ್ರಿ.ಪೂ. 412ರಲ್ಲಿ ನಾಟಕವನ್ನೇ ಆಡಿಸಿದ. ನಮ್ಮ ಬಿ.ಎಂ.ಶ್ರೀ ಅವರು ಇನ್ನೊಬ್ಬ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ನಾಟಕದ ವೀರ ಏಜಾಕ್ಸನ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು.

ಮಕ್ಕಳು ಎಡವುವುದು ಬೇರೆ ಕಡೆ. ಹತ್ತು ವರ್ಷದ ಟ್ರಾಯ್ ಯುದ್ಧವನ್ನೆಲ್ಲ ತುಂಬಿಸಲು ಹೊರಟರೆ ಎರಡನೇ ಪುಟಕ್ಕೇ ಕಥೆ ಹೋಗಿ ಸಾರಾಂಶವಾಗುತ್ತದೆ. ಯಾರೂ ಮಾತಾಡುವುದಿಲ್ಲ, ‘ಆಮೇಲೆ, ಆಮೇಲೆ’ ಮಾತ್ರ ಉಳಿಯುತ್ತದೆ. ಬೇಕಾದದ್ದು ಮೂಲ ಕವಿ ಬಿಟ್ಟುಹೋದ ಒಂದು ಸಣ್ಣ ಸಂದು. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ, ಯುದ್ಧಕ್ಕೆ ಹೋದ ಗಂಡ ಒಡಿಸ್ಯೂಸ್ ಮರಳದಿದ್ದಾಗ ಪೆನೆಲೊಪಿಯನ್ನು ಮದುವೆಯಾಗಲು ಹಲವರು ಕಾಡುತ್ತಾರೆ. ನೇಯ್ಗೆ ಮುಗಿದ ಮೇಲೆ ಮದುವೆ ಎಂದು ಹೇಳಿ ಅವಳು ತನ್ನ ಮಾವನ ಶವಕ್ಕೆ ಹೊದಿಸುವ ಬಟ್ಟೆಯನ್ನು ಹಗಲು ನೇಯ್ದು, ರಾತ್ರಿ ಪಂಜಿನ ಬೆಳಕಿನಲ್ಲಿ ಬಿಚ್ಚುತ್ತಾಳೆ. 3 ವರ್ಷ ಗುಟ್ಟು ನಿಲ್ಲುತ್ತದೆ. ನಾಲ್ಕನೇ ವರ್ಷ ಒಬ್ಬ ದಾಸಿ ಬಾಯಿಬಿಡುತ್ತಾಳೆ. ಅವಳ ಹೆಸರೂ ಅಲ್ಲಿಲ್ಲ, ಕಾರಣವೂ ಇಲ್ಲ. ಒಂದು ರಾತ್ರಿ, ಒಂದು ಕೋಣೆ, ಇಬ್ಬರು ಹೆಂಗಸರು, ದಾಸಿಯ ಕಣ್ಣಿನಿಂದ ನೋಡಿದ್ದು ಮಾತ್ರ. 900 ಪದಕ್ಕೆ ಇದು ಧಾರಾಳ.

ಇನ್ನು ವಿವರ. ಪೆನೆಲೊಪಿಯದು ನಮ್ಮ ಗುಂಡಿ ಮಗ್ಗವಲ್ಲ, ನಿಂತ ಚೌಕಟ್ಟು. ಹಾಸಿನ ಎಳೆಗಳು ಮೇಲಿನ ಅಡ್ಡಮರದಿಂದ ಇಳಿಬಿದ್ದಿರುತ್ತವೆ. ಬಿಗಿ ನಿಲ್ಲಲೆಂದು ಅವುಗಳ ತುದಿಗೆ ಮಣ್ಣಿನದೋ ಕಲ್ಲಿನದೋ ಗುಂಡು ಕಟ್ಟಿರುತ್ತಾರೆ. ಬಟ್ಟೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಹೊಕ್ಕನ್ನು ಮೇಲಕ್ಕೆ ಬಡಿಯಬೇಕು. ನೇಯುವವಳು ಕೂರುವುದಿಲ್ಲ, ನಿಂತು ಅತ್ತಿತ್ತ ಓಡಾಡುತ್ತಾಳೆ. ಇಷ್ಟು ತಿಳಿದ ಮಗುವಿಗೆ ಕಥೆಯ ದಾರಿಯೂ ಸಿಕ್ಕೀತು: ರಾತ್ರಿ ಹೊಕ್ಕು ಬಿಚ್ಚುವಾಗ ಗುಂಡುಗಳು ಒಂದಕ್ಕೊಂದು ತಾಕಿದರೆ ಪಕ್ಕದ ಕೋಣೆಗೆ ಕೇಳದಿರುತ್ತದೆಯೇ?

ಬರೆಯುವ ಮೊದಲು ಅರ್ಧ ಪುಟದ ಟಿಪ್ಪಣಿಯಲ್ಲಿ ಯಾವ ಕವಿಯ ಪಾಠವನ್ನು (ಆ ಕವಿ ಹೇಳಿದ ಕಥಾರೂಪವನ್ನು) ಹಿಡಿದಿದ್ದೇವೆ ಎಂದು ಮಕ್ಕಳು ನಮೂದಿಸಬೇಕು. ಒಂದೇ ಕಥೆಗೆ ಹಲವು ಪಾಠಗಳಿವೆ. ಪಾತಾಳದ ದೊರೆ ಹೊತ್ತೊಯ್ದ ಪರ್ಸೆಫನಿ ಅಲ್ಲಿ ತಿಂದದ್ದು ಹೋಮರನ ಹೆಸರಿನ ಸ್ತೋತ್ರದಲ್ಲಿ ಒಂದೇ ದಾಳಿಂಬೆ ಬೀಜ, ವರ್ಷದ ಮೂರನೇ ಒಂದು ಪಾಲು ಅಲ್ಲಿರಬೇಕು. ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದಲ್ಲಿ 7 ಬೀಜ, ಅರ್ಧ ವರ್ಷ. ಮೆಡ್ಯೂಸಾ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಹುಟ್ಟಿನಿಂದಲೇ ಗೋರ್ಗನ್ ಎಂಬ ರಾಕ್ಷಸಿ. ಓವಿಡ್‌ನಲ್ಲಿ ಚೆಲುವೆ, ಕೂದಲು ಹಾವಾದದ್ದು ಆಮೇಲೆ. ಯಾವುದನ್ನಾದರೂ ಆರಿಸಲಿ, ಕಲಬೆರಕೆ ಬೇಡ. ಹೆಸರಿಗೂ ಇದೇ ಮಾತು: ಗ್ರೀಕ್ ಹೆಸರಿನ ಜ್ಯೂಸ್ ಇರುವ ಕಥೆಯಲ್ಲಿ ಅವನ ಸಹೋದರ, ಕಡಲ ದೇವರು, ಪೊಸೈಡನ್; ರೋಮನ್ ಹೆಸರಾದ ನೆಪ್ಚೂನ್ ಅಲ್ಲ.

ಮನೆಯಲ್ಲಿ ಕರಡು ಓದುವಾಗ ಕೆಲವನ್ನು ಗಮನಿಸಿ. ಊಟದ ದೃಶ್ಯದಲ್ಲಿ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಬಂದಿದ್ದರೆ ತೆಗೆಸಿ. ಅವು ಅಮೆರಿಕದಿಂದ ಯುರೋಪಿಗೆ ಬಂದದ್ದು 1492ರ ನಂತರ. ಬಾರ್ಲಿ ರೊಟ್ಟಿ, ಆಲಿವ್, ಅಂಜೂರ, ಮೇಕೆ ಹಾಲಿನ ಚೀಸ್, ನೀರು ಬೆರೆಸಿದ ದ್ರಾಕ್ಷಾರಸ ಇರಲಿ. ಲೋಕಕ್ಕೆ ಕೇಡುಗಳನ್ನು ಬಿಟ್ಟ ಪ್ಯಾಂಡೋರಾ ತೆರೆದದ್ದು ಪೆಟ್ಟಿಗೆಯಲ್ಲ, ಗುಡಾಣ. ಒಡಿಸ್ಯೂಸ್ ಮನೆಗೆ ಮರಳುವ ಹೊತ್ತಿಗೆ 20 ವರ್ಷ ಕಳೆದಿರುತ್ತದೆ, ಹಾಗಾಗಿ ಮಗ ಟೆಲಿಮ್ಯಾಕಸ್ ಅಪ್ಪನ ತೊಡೆಯೇರುವ ಕೂಸಲ್ಲ.

ಅಪಹರಣ, ಅತ್ಯಾಚಾರ ಈ ಪುರಾಣಗಳಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಮುಚ್ಚಿಡುವುದು ನಮಗೆ ಸರಿ ಕಾಣಲಿಲ್ಲ. ಕೃತ್ಯವನ್ನು ವರ್ಣಿಸಬೇಡಿ, ಆಮೇಲೆ ಆ ಹೆಣ್ಣು ಏನೆಂದಳು ಎಂಬುದನ್ನು ಬರೆಯಬಹುದು ಎಂದು ಮಕ್ಕಳಿಗೆ ಹೇಳಿದ್ದೇವೆ. ಅಂಥ ಕಥೆ ಬೇಡವೆನಿಸಿದ ಮಗು ಕಾರಣ ಹೇಳದೆಯೇ ಬೇರೆಯದನ್ನು ಆರಿಸಿಕೊಳ್ಳಬಹುದು.

ಪುರಾಣಕ್ಕೆ ಕಾಪಿರೈಟ್ ಇಲ್ಲ. ಆದರೆ ಈಚಿನ ಕಾದಂಬರಿಕಾರರು ಸೃಷ್ಟಿಸಿದ ಪಾತ್ರಗಳಿಗೆ, ಹೊಸ ಅನುವಾದಗಳ ಸಾಲುಗಳಿಗೆ ಇದೆ. ನಮ್ಮ ದೇಶದಲ್ಲಿ ಅದು ಲೇಖಕರ ನಿಧನಾನಂತರ 60 ವರ್ಷ ಉಳಿಯುತ್ತದೆ. ಕಥೆಯನ್ನು ಆನ್‌ಲೈನ್‌ನಲ್ಲಿ ಹಾಕಲು ನೀವು ಒಪ್ಪಿದರೂ ಕಾವ್ಯನಾಮದಲ್ಲಿ ಹಾಕಿಸಿ. ಶಾಲೆಯ ಹೆಸರು, ಫೋಟೊ ಬೇಡ.

ಒಂದು ವಿನಂತಿ: ದಯವಿಟ್ಟು ನೀವು ತಿದ್ದಿ ಬರೆಯಬೇಡಿ. ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ನಾಲಿಗೆ ತೊಡರಿದಲ್ಲಿ ಪೆನ್ಸಿಲ್ ಗುರುತು ಹಾಕಿದರೆ ಸಾಕು. ಕೊನೆಗೆ ನೀತಿ ಸೇರಿಸು ಎಂದು ಹೇಳಬೇಡಿ. ಹಾಗೆ ಅಂಟಿಸಿದ ನೀತಿ ಅಪ್ಪ-ಅಮ್ಮಂದಿರದ್ದು ಎಂದು ಟೀಚರಿಗೆ ತಕ್ಷಣ ಗೊತ್ತಾಗುತ್ತದೆ.

ತಿಂಗಳ ಕೊನೆಯ ಶನಿವಾರ ಟಿಪ್ಪಣಿ, ಕೈಬರಹದ ಮೊದಲ ಕರಡು, ಶುದ್ಧಪ್ರತಿ ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಕಳುಹಿಸಿ. ಗೀಚಿ ಹೊಡೆದುಹಾಕಿದ ಸಾಲುಗಳಿರುವ ಕರಡಿಗೂ ಅಂಕವಿದೆ, ಎಸೆಯಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು